ನೀಲಿ ಮಾತ್ರೆ ಮತ್ತು ಒಂದು ವಾಯ್ಸ್ ಮೆಸೇಜ್

ಆ ಸೋಮವಾರ ಬಿಸಿಯೂಟ ಮುಗಿದ ಮೇಲೆ ಕೈತೊಳೆಯುವ ನಲ್ಲಿಯ ಬಳಿ ಹೋದಾಗ ಸಿಮೆಂಟಿನ ಕಾಲುವೆಯಲ್ಲಿ ನೀಲಿ ಬಣ್ಣ ಹರಿಯುತ್ತಿತ್ತು. ಬಗ್ಗಿ ನೋಡಿದರೆ ಅನ್ನದ ಅಗುಳುಗಳ ನಡುವೆ ಅರ್ಧ ಕರಗಿದ ಎಂಟು-ಹತ್ತು ಮಾತ್ರೆಗಳು ಬಿದ್ದಿದ್ದವು. ಸ್ವಲ್ಪ ಹೊತ್ತಿನ ಹಿಂದೆ ಒಂಬತ್ತನೇ ತರಗತಿಯ ಹುಡುಗಿಯರ ಅಂಗೈಗೆ ನಾನೇ ಹಾಕಿದ್ದ ಕಬ್ಬಿಣಾಂಶದ ಮಾತ್ರೆಗಳವು.

ಬಹಳ ಕೇಳಿದ ಮೇಲೆ ಒಬ್ಬಳು ಬಾಯಿಬಿಟ್ಟಳು. ಊರಿನ ವಾಟ್ಸ್ಆಪ್ ಗುಂಪಿಗೆ ಹಿಂದಿನ ರಾತ್ರಿ ಒಂದು ವಾಯ್ಸ್ ಮೆಸೇಜ್ ಬಂದಿತ್ತು. ಈ ಮಾತ್ರೆ ನುಂಗಿದರೆ ಮಲ ಕಪ್ಪಾಗುತ್ತದೆ, ಅದು ಒಳಗೆ ರಕ್ತ ಕೆಡುತ್ತಿರುವ ಲಕ್ಷಣ, ಮುಂದೆ ಮಕ್ಕಳಾಗುವುದಿಲ್ಲ ಎಂದು ಡಾಕ್ಟರೆಂದು ಹೇಳಿಕೊಂಡ ಯಾರೋ ಅದರಲ್ಲಿ ಮಾತನಾಡಿದ್ದರು. ನಾನು ತಡೆಯಲಾರದೆ, ಎಲ್ಲ ಸುಳ್ಳು ಎಂದುಬಿಟ್ಟೆ. ಅವಳು ತಲೆ ತಗ್ಗಿಸಿ, "ಕಪ್ಪಾಗೋದು ನಿಜ ಮಿಸ್" ಎಂದಳು.

ಅವಳ ಮಾತು ಸರಿಯಾಗಿತ್ತು. ದೇಹ ಹೀರಿಕೊಳ್ಳದೆ ಉಳಿದ ಕಬ್ಬಿಣ ಹೊರಹೋಗುವಾಗ ಮಲ ಕಪ್ಪಾಗುತ್ತದೆ, ಅದರಿಂದ ಕೆಡುಕಿಲ್ಲ. ಆದರೆ ಮಾತ್ರೆ ಕೊಡುವಾಗ ನಾವ್ಯಾರೂ ಅದನ್ನು ಹೇಳಿರಲಿಲ್ಲ. ನಾವು ಬಿಟ್ಟ ಒಂದು ನಿಜವನ್ನು ಮುಂದಿಟ್ಟುಕೊಂಡೇ ಆ ಸಂದೇಶ ಎರಡು ಸುಳ್ಳುಗಳನ್ನು ನಂಬಿಸಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆ ಇತ್ತು. ಪ್ರಾರ್ಥನೆಯ ವೇಳೆ ತಲೆಸುತ್ತಿ ಕುಳಿತುಬಿಡುವ ಮಕ್ಕಳನ್ನು ಕಂಡ ನನಗೆ ಅದು ಬರಿಯ ಅಂಕಿಯಲ್ಲ.

ಮರುದಿನದ ವಿಜ್ಞಾನದ ಅವಧಿಯಲ್ಲಿ ಆ ಸಂದೇಶವನ್ನು ನನ್ನ ಫೋನಿನಿಂದ ಎಲ್ಲರಿಗೂ ಮೂರು ಸಲ ಕೇಳಿಸಿದೆ. ಹೇಳಿದವರ ಹೆಸರಿಲ್ಲ, ಆಸ್ಪತ್ರೆಯಿಲ್ಲ, ತಾರೀಖಿಲ್ಲ ಎಂಬುದನ್ನು ಮಕ್ಕಳೇ ಪಟ್ಟಿ ಮಾಡಿದರು. ಹಿಂದಿನ ಬೆಂಚಿನ ಹುಡುಗನೊಬ್ಬ ಸಂದೇಶದ ಮೇಲಿದ್ದ ಜೋಡಿ ಬಾಣವನ್ನು ತೋರಿಸಿ, ಅದು ಕೈಯಿಂದ ಕೈಗೆ ಹಲವು ಸಲ ದಾಟಿ ಬಂದಿರುವುದರ ಗುರುತು ಎಂದ. ನಂತರ ಹುಡುಕಲು ಕುಳಿತೆವು. 'ಕಬ್ಬಿಣದ ಮಾತ್ರೆ ಅಪಾಯ' ಎಂದು ಬರೆದಾಗ ಹೆದರಿಸುವ ವಿಡಿಯೋಗಳೇ ಮೊದಲು ಬಂದವು. 'ಮಲ ಕಪ್ಪಾಗುವುದು ಏಕೆ' ಎಂದು ಕೇಳಿದಾಗ ವಿವರಣೆ ಸಿಕ್ಕಿತು. ಕೇಳುವ ಮಾತು ಬದಲಾದರೆ ಉತ್ತರವೂ ಬದಲಾಗುವುದನ್ನು ಕಂಡು ತರಗತಿಯೇ ಒಂದು ಕ್ಷಣ ಸುಮ್ಮನಾಯಿತು. ಆದರೆ ನಂಬಬಹುದಾದ ಪುಟಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿದ್ದವು, ಅವನ್ನು ನಾನೇ ಓದಿ ಕನ್ನಡದಲ್ಲಿ ಹೇಳಬೇಕಾಯಿತು. ಊರಿನ ಅಜ್ಜಿಯರಿಗೆ ಅರ್ಥವಾಗುವ ಭಾಷೆಯಲ್ಲಿ ಭಯ ಇಷ್ಟು ಸುಲಭವಾಗಿ ಸಿಗುವಾಗ ಉತ್ತರ ಸಿಗದಿರುವುದು ನನಗೆ ಈಗಲೂ ನೋವಿನ ಸಂಗತಿ.

ಅಜ್ಜಿಯ ನೆನಪು ತೆಗೆದವಳೂ ಮೊದಲು ಬಾಯಿಬಿಟ್ಟಿದ್ದ ಅದೇ ಹುಡುಗಿ. ಅವಳ ಒತ್ತಾಯಕ್ಕೆ ನಾವೂ ಒಂದು ವಾಯ್ಸ್ ಮೆಸೇಜ್ ಮಾಡಿದೆವು. ಶಾಲೆಯ ಹೆಸರು, ತಾರೀಖು, ಆರೋಗ್ಯ ಕೇಂದ್ರದ ವೈದ್ಯರಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡ ವಿಷಯ, ಊಟದ ನಂತರ ನುಂಗಬೇಕು, ಜೊತೆಗೆ ಟೀ ಕುಡಿಯಬಾರದು ಎಂಬ ಸೂಚನೆ, ಎಲ್ಲವೂ ಅವಳ ದನಿಯಲ್ಲಿ. ಮಲ ಕಪ್ಪಾಗುತ್ತದೆ ಎಂಬುದನ್ನು ಅವಳು ಮೊದಲ ವಾಕ್ಯದಲ್ಲೇ ಹೇಳಿದಳು.

ಮುಂದಿನ ಸೋಮವಾರ ಕಾಲುವೆಯಲ್ಲಿ ಎರಡು ಮಾತ್ರೆ ಸಿಕ್ಕವು. ಅವು ಯಾರವೆಂದು ವಿಚಾರಿಸದೆ, ಇನ್ನೂ ಏನು ಕೇಳಬೇಕೆಂದಿದೆಯೋ ಚೀಟಿಯಲ್ಲಿ ಬರೆದು ಹಾಕಿ ಎಂದು ಮೇಜಿನ ಮೇಲೆ ಒಂದು ಡಬ್ಬಿ ಇಟ್ಟೆ.