ಅಪ್ಪನ ಫಾಲ್ಟ್ ಪುಸ್ತಕ

2025 ಜುಲೈ 20, ಭಾನುವಾರ, ರಾತ್ರಿ ಹನ್ನೊಂದೂವರೆ
ಹನುಮಂತನಗರ

ಮೊದಲು ಒಂದು ಮಾತು ಬರೆದುಬಿಡುತ್ತೇನೆ. ಇಲ್ಲವಾದರೆ ಉಳಿದದ್ದನ್ನೆಲ್ಲ ಬರೆದು ಇದನ್ನೇ ಮರೆತಂತೆ ನಟಿಸುವವಳು ನಾನು. ಅಪ್ಪನ ಲ್ಯಾಪ್‌ಟಾಪ್ ಕೆಟ್ಟದ್ದು ನನ್ನಿಂದ, ಅವರಿಂದಲ್ಲ.

ಹನ್ನೆರಡು ದಿನಗಳಿಂದ ಅದು ಹೀಗೆ ಕುಸಿಯುತ್ತಿತ್ತಂತೆ. ನನಗೆ ಗೊತ್ತಾದದ್ದು ಗುರುವಾರ ರಾತ್ರಿ, ಅದೂ ಅಮ್ಮನ ಬಾಯಿಂದ. "ನಿಮ್ಮಪ್ಪ ಬರೆದದ್ದನ್ನೇ ಮತ್ತೆ ಬರೆಯುತ್ತಿದ್ದಾರೆ ಕಣೇ. ಕೇಳಿದರೆ ಏನೂ ಇಲ್ಲ ಎನ್ನುತ್ತಾರೆ" ಎಂದಳು, ಹುಳಿ ಬಡಿಸುತ್ತಾ. ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ.

ಅವರು ದೂರವಾಣಿ ಇಲಾಖೆಯ ದಿನಗಳನ್ನು ಬರೆಯುತ್ತಿರುವ ಸಂಗತಿ ಇಲ್ಲಿಗೆ ಬರುವವರಿಗೆಲ್ಲ ಗೊತ್ತು. ಬೆಳಿಗ್ಗೆ ಒಂದು ಪುಟ, ಸಂಜೆ ಒಂದು ಪುಟ. ಕೇಬಲ್ ಜಾಯಿಂಟ್‌ಗಳು, ಮಳೆ, ಸಾಹೇಬರ ಸಿಟ್ಟು. ಆ ಪುಟಗಳ ಕೊನೆಯ ಒಂದೆರಡು ಪ್ಯಾರಾ ಆಗಾಗ ಮಾಯವಾಗುತ್ತಿತ್ತು. ಅವರು ತುಟಿಪಿಟಿಕ್ಕೆನ್ನದೆ ಮತ್ತೆ ಬೆರಳಚ್ಚು ಮಾಡುತ್ತಿದ್ದರು.

"ಯಾಕೆ ಹೇಳಲಿಲ್ಲ ಅಪ್ಪಾ?"

"ಆವತ್ತು ನೀನು ಕೇಳಿದೆಯಲ್ಲ, ಏನು ಒತ್ತಿದಿರಿ ಎಂದು. ಈ ಸಲವೂ ನಾನೇ ಏನೋ ಒತ್ತಿರಬೇಕು ಎಂದುಕೊಂಡೆ. ಕೈ ಒಂದು ಕಡೆ ನಿಲ್ಲುವುದಿಲ್ಲವಲ್ಲ."

ಆವತ್ತು ಎಂದರೆ ಜೂನ್ ತಿಂಗಳಲ್ಲಿ. ನಾನು ಕಚೇರಿಯ ಕರೆಯಲ್ಲಿದ್ದೆ, ಅವರ ಪರದೆಯ ಅಕ್ಷರಗಳೆಲ್ಲ ಇದ್ದಕ್ಕಿದ್ದಂತೆ ಕುಂಬಳಕಾಯಿ ಗಾತ್ರವಾಗಿದ್ದವು. "ಏನು ಒತ್ತಿದಿರಿ ಅಪ್ಪಾ?" ಎಂದೆ. ಆ ಪ್ರಶ್ನೆಯ ಧ್ವನಿ ನನಗೆ ಗೊತ್ತು. ವರ್ಷಗಟ್ಟಲೆ ಸರ್ವರ್ ನೋಡಿಕೊಂಡವರ ಗಂಟಲಲ್ಲಿ ಅದು ಮನೆಮಾಡಿಕೊಂಡಿರುತ್ತದೆ.

ಗುರುವಾರ, ಶುಕ್ರವಾರ ನಾನು ನನ್ನ ಪಾಂಡಿತ್ಯದ ದಾರಿಯಲ್ಲೇ ಹೋದೆ. ರಾತ್ರಿಯಿಡೀ ಮೆಮೊರಿ ಪರೀಕ್ಷೆ ಓಡಿಸಿದೆ, ಒಂದು ದೋಷವೂ ಸಿಗಲಿಲ್ಲ. ಹಿಂಬದಿ ಬಿಚ್ಚಿ ಫ್ಯಾನಿನ ದೂಳು ತೆಗೆದೆ. ಹಿಂದಿನ ಸಲ ಓಡಿದಾಗ ಯಂತ್ರ ತಾನೇ ಬರೆದುಕೊಂಡ ದಿನಚರಿ, ಅಂದರೆ ಜರ್ನಲ್, ತೆರೆದು ನೋಡಿದರೆ, ದಾಖಲೆ ಮಾತಿನ ಮಧ್ಯದಲ್ಲೇ ನಿಂತುಹೋಗಿತ್ತು. ಇಡೀ ಯಂತ್ರವನ್ನು ನಡೆಸುವ ತಿರುಳು ತಂತ್ರಾಂಶವೇ ಕರ್ನಲ್; ಅದು ಕೈಚೆಲ್ಲಿ ನಿಂತಾಗ, ಅಂದರೆ ಕರ್ನಲ್ ಪ್ಯಾನಿಕ್ ಆದಾಗ, ಹೀಗಾಗುವುದು ಸಹಜ. ಅದರ ಕೊನೆಯ ಸಾಲಿನಲ್ಲಿ 'ನಾಟ್ ಸಿಂಕಿಂಗ್' ಎಂದಿರುತ್ತದಲ್ಲ, ಅದರರ್ಥವೇ ಅದು: ಮೆಮೊರಿಯಲ್ಲಿ ಉಳಿದದ್ದನ್ನು ಡಿಸ್ಕಿಗೆ ಬರೆಯುವುದಿಲ್ಲ. ತನ್ನ ಮೇಲೆಯೇ ನಂಬಿಕೆ ಹೋದ ಮೇಲೆ ಕಡತಗಳ ಮೇಲೆ ಕೈಯಾಡಿಸುವುದು ಬೇಡ ಎಂಬ ಎಚ್ಚರಿಕೆ. ಒಳ್ಳೆಯ ಬುದ್ಧಿಯೇ. ಆದರೆ ಅಪ್ಪನ ಪ್ಯಾರಾ ಹೋಗುತ್ತಿದ್ದದ್ದೂ, ನನ್ನ ಸುಳಿವು ಹೋಗುತ್ತಿದ್ದದ್ದೂ ಅದೇ ಕಾರಣಕ್ಕೆ.

ನಿನ್ನೆ ಬೆಳಿಗ್ಗೆ ಅಪ್ಪ ನನ್ನ ಮೇಜಿನ ಪಕ್ಕ ಬಂದು ನಿಂತರು. ಕೈಯಲ್ಲಿ ಇನ್ನೂರು ಪುಟದ ಉದ್ದ ನೋಟ್‌ಬುಕ್, ಮಧ್ಯಕ್ಕೆ ಸ್ಕೇಲಿನಿಂದ ಗೆರೆ. "ಇದು ನಿನಗೆ ಬೇಕಾಗುತ್ತದೋ ಇಲ್ಲವೋ" ಎಂದು ಇಟ್ಟು ಹೋದರು. ಫಾಲ್ಟ್ ಪುಸ್ತಕ! ಟೆಲಿಫೋನ್ ದೂರಿನ 198 ಸಂಖ್ಯೆಗೆ ಕರೆ ಬಂದಾಗ ಬರೆಯುತ್ತಿದ್ದ ರೀತಿಯಲ್ಲೇ ಬರೆದಿದ್ದರು. ಒಂದು ಪುಟವನ್ನು ಇದ್ದಂತೆಯೇ ಇಳಿಸುತ್ತೇನೆ:

"9-7. 10-40 ಕಾಫಿಗೆ ಎದ್ದೆ, ಮುಚ್ಚಿದೆ. 10-55 ತೆರೆದೆ. ದೀಪ ಮಿಣುಕಿತು. ಮುಟ್ಟಿದರೆ ಏನೂ ಇಲ್ಲ.
9-7. 4-10 ಮುಚ್ಚಿದೆ. 4-30 ತೆರೆದೆ. ಸರಿ ಇತ್ತು.
10-7. 11-05 ಪೋಸ್ಟ್‌ಮ್ಯಾನ್ ಬಂದ, ಮುಚ್ಚಿದೆ. 11-10 ತೆರೆದೆ. ದೀಪ."

ದೀಪ ಎಂದರೆ ಕ್ಯಾಪ್ಸ್ ಲಾಕ್ ದೀಪ. ಕರ್ನಲ್ ಬಿದ್ದಾಗ ಲ್ಯಾಪ್‌ಟಾಪಿನಲ್ಲಿ ಆ ದೀಪ ತಾನೇ ತಾನಾಗಿ ಮಿಣುಕುತ್ತದೆ. ಪರದೆ ಹೆಪ್ಪುಗಟ್ಟಿದ್ದರೂ ಅಷ್ಟೊಂದು ಹೇಳಿ ಸಾಯುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿದವಳು, ಅವರು ಕಣ್ಣಿಂದ ಕಂಡು ಬರೆದಿಟ್ಟವರು. ಎರಡು ರಾತ್ರಿ ನಾನು ಎಲ್ಲಿ ಕೆಟ್ಟಿದೆ ಎಂದು ಹುಡುಕಿದೆನೇ ಹೊರತು, ಯಾವಾಗ ಕೆಡುತ್ತದೆ ಎಂದು ಮನೆಯಲ್ಲಿ ಯಾರನ್ನೂ ಕೇಳಿರಲಿಲ್ಲ.

ಮುಚ್ಚಿ ತೆರೆದಾಗ. ಅಂದರೆ ಯಂತ್ರ ನಿದ್ದೆಯಿಂದ ಏಳುವಾಗ.

ನಿದ್ದೆಯಿಂದ ಏಳುವಾಗ ಬೀಳುವುದೆಂದರೆ ಅನುಮಾನ ಹೋಗುವುದೇ ಡ್ರೈವರುಗಳ ಕಡೆಗೆ, ಅಂದರೆ ಯಂತ್ರದ ಬಿಡಿಭಾಗಗಳನ್ನು ನಡೆಸುವ ತಂತ್ರಾಂಶದ ಕಡೆಗೆ. ಮಾಮೂಲು ತಂತ್ರಾಂಶ ಕುಸಿದರೆ ಅದೊಂದು ಮುಚ್ಚಿಕೊಳ್ಳುತ್ತದೆ ಅಷ್ಟೇ. ಡ್ರೈವರ್ ಹಾಗಲ್ಲ, ಅದಕ್ಕೆ ಕರ್ನಲ್‌ನ ಅಡುಗೆಮನೆಯವರೆಗೂ ಪ್ರವೇಶ. ಹಾಲು ಒಡೆದರೆ ಇಡೀ ಮನೆಗೆ.

ಎರಡನೇ ಸಲ ದಾಖಲೆ ತಪ್ಪಿಸಿಕೊಳ್ಳಬಾರದೆಂದು ಕೆಡಂಪ್ ಹಾಕಿದೆ. ಮೆಮೊರಿಯಲ್ಲಿ 256 ಎಂಬಿ ಮೊದಲೇ ಮೀಸಲಿಟ್ಟು ಅಲ್ಲೊಂದು ಎರಡನೇ ಕರ್ನಲನ್ನು ಕೂರಿಸುವುದು. ಮೊದಲನೆಯದು ಬಿದ್ದ ಕೂಡಲೇ ಇದು ಎದ್ದು, ಬಿದ್ದದ್ದರ ಮೆಮೊರಿಯನ್ನು ಡಿಸ್ಕಿಗೆ ನಕಲು ಮಾಡಿಕೊಳ್ಳುತ್ತದೆ. ಅದು ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಒಂದೇ ದಾರಿ: ಯಂತ್ರವನ್ನು ಬೇಕೆಂದೇ ಬೀಳಿಸಬೇಕು. ಅದಕ್ಕೊಂದು ಕಳ್ಳಬಾಗಿಲಿದೆ. ಸಿಸ್‌ಆರ್‌ಕ್ಯು ಟ್ರಿಗರ್ ಎಂಬ ಕಡತಕ್ಕೆ ಇಂಗ್ಲಿಷಿನ ಸಣ್ಣ 'ಸಿ' ಅಕ್ಷರ ಬರೆದರೆ ಸಾಕು.

"ಬೇಕೆಂದೇ ಬೀಳಿಸುತ್ತೀಯಾ?" ಅಪ್ಪ ಕುರ್ಚಿ ಎಳೆದುಕೊಂಡು ಕೂತರು. ಹನ್ನೆರಡು ದಿನಗಳಲ್ಲಿ ಮೊದಲ ಸಲ ಅವರ ಮುಖ ಅರಳಿದ್ದು ಆಗಲೇ.

"ಬೀಳಿಸಿದರೆ ತಾನೆ ಗೊತ್ತಾಗುವುದು."

"ಸರಿ ಸರಿ. ನಾವೂ ಬೀದಿಯ ಡಿಪಿ ಪೆಟ್ಟಿಗೆಯಲ್ಲಿ ಲೈನ್ ಬಿಚ್ಚಿ ನೋಡುತ್ತಿದ್ದೆವು. ಈ ಕಡೆ ಸರಿಯಿದ್ದರೆ ಫಾಲ್ಟ್ ಆ ಕಡೆ, ಆ ಕಡೆ ಸರಿಯಿದ್ದರೆ ಈ ಕಡೆ. ಬಿಚ್ಚದೆ ಹೇಗೆ ಗೊತ್ತಾಗುತ್ತದೆ?"

ಎಂಟರ್ ಒತ್ತುವ ಕೆಲಸ ಅವರಿಗೇ ಕೊಟ್ಟೆ. ಬಿತ್ತು. ಎರಡನೇ ಕರ್ನಲ್ ಎದ್ದಿತು, ನಕಲು ಮಾಡಿತು. ಅಮ್ಮ ಒಳಗಿನಿಂದ "ಏನು ಅಪ್ಪ ಮಗಳು ನಗುತ್ತಿದ್ದೀರಿ" ಎಂದು ಕೇಳಿದಳು.

ಆಮೇಲೆ ಕಾಫಿ ಕುಡಿದು, ಮುಚ್ಚಿ ತೆರೆದು, ಮುಚ್ಚಿ ತೆರೆದು, ಮೂರನೇ ಸಲಕ್ಕೆ ನಿಜವಾದದ್ದು ಸಿಕ್ಕಿತು. 'ಫೇಟಲ್ ಎಕ್ಸೆಪ್ಶನ್ ಇನ್ ಇಂಟರಪ್ಟ್'. ಬೇರೆ ಸಂದರ್ಭದಲ್ಲಾದರೆ ಕರ್ನಲ್ ತಪ್ಪು ಮಾಡಿದ ಪ್ರಕ್ರಿಯೆಯೊಂದನ್ನು ಕೊಂದು ತಾನು ಉಳಿದುಕೊಳ್ಳಲು ನೋಡುತ್ತದೆ. ಇಂಟರಪ್ಟ್ ಎಂದರೆ ಕೈಲಿದ್ದ ಕೆಲಸ ನಿಲ್ಲಿಸಿ ತುರ್ತು ಕರೆಗೆ ಓಗೊಡುವುದು; ಅದರ ನಡುವೆ ಬಿದ್ದರೆ ಕೊಲ್ಲಲು ಯಾರೂ ಇರುವುದಿಲ್ಲ, ತಾನೇ ಬೀಳಬೇಕು. ಬಿದ್ದ ಜಾಗ ನೋಡಿದರೆ ಕರ್ನಲ್‌ನ ಸ್ವಂತ ಟೈಮರ್ ಓಡಿಸುವ ಭಾಗ. ಲಕ್ಷಾಂತರ ಯಂತ್ರಗಳಲ್ಲಿ ಹಗಲೂ ರಾತ್ರಿ ಓಡುವ ಅದನ್ನು ಅನುಮಾನಿಸುವಷ್ಟು ಧೈರ್ಯ ನನಗಿಲ್ಲ.

ಆದರೆ ಅದರ ಮೇಲೊಂದು ಸಾಲಿತ್ತು: ಟೇಂಟೆಡ್. ಕರ್ನಲ್ ಮೂಲದೊಳಗೆ ಸೇರದ, ಸಹಿ ಇಲ್ಲದ ಮಾಡ್ಯೂಲ್, ಅಂದರೆ ಹೊರಗಿನಿಂದ ಜೋಡಿಸಿದ ತಂತ್ರಾಂಶದ ತುಣುಕು, ಒಳಗೆ ಬಂದಿದೆ ಎಂಬುದರ ಗುರುತು. ಅದಕ್ಕೆ ಕನ್ನಡದಲ್ಲಿ ಮೈಲಿಗೆ ಎಂಬುದಕ್ಕಿಂತ ಸರಿಯಾದ ಪದ ಇಲ್ಲ. ಒಮ್ಮೆ ತಗುಲಿತೆಂದರೆ ಆ ಮಾಡ್ಯೂಲ್ ಹೊರಹಾಕಿದರೂ ಗುರುತು ಹೋಗುವುದಿಲ್ಲ, ಯಂತ್ರ ಮರುಚಾಲನೆಯ ಸ್ನಾನ ಮಾಡಿಯೇ ಶುದ್ಧವಾಗಬೇಕು. ಅಜ್ಜಿ ಇದ್ದಿದ್ದರೆ ಈ ಒಂದು ಭಾಗವನ್ನು ನನಗಿಂತ ಚೆನ್ನಾಗಿ ವಿವರಿಸುತ್ತಿದ್ದರು.

ಆ ಮೈಲಿಗೆಯ ಮಾಡ್ಯೂಲ್ ಯಾವುದು? ವೈಫೈ ಡಾಂಗಲಿನದು. ಡಾಂಗಲ್ ತಂದದ್ದು ಯಾರು? ನಾನು. ಅಪ್ಪನ ಕೋಣೆಗೆ ಸಿಗ್ನಲ್ ಸರಿಯಾಗಿ ಬರುತ್ತಿಲ್ಲವೆಂದು ಜೂನ್ ಕೊನೆಯಲ್ಲಿ ಎಸ್.ಪಿ. ರಸ್ತೆಗೆ ಹೋಗಿ, ಮಳೆಯಲ್ಲಿ ನೆನೆದು, 450 ರೂಪಾಯಿಗೆ ತಂದಿದ್ದೆ. ಆ ಚಿಪ್ಪಿಗೆ ಕರ್ನಲ್‌ನೊಳಗೇ ಡ್ರೈವರ್ ಇತ್ತು. ಅದರ ವೇಗ ಸಾಲದು ಎಂದು ಎಲ್ಲೋ ಓದಿ, ಹೊರಗಿನ ಡ್ರೈವರ್ ಇಳಿಸಿ, ಕರ್ನಲ್ ಹೊಸದಾದಾಗಲೆಲ್ಲ ತಾನೇ ಮರುನಿರ್ಮಾಣವಾಗಲಿ ಎಂದು ಡಿಕೆಎಂಎಸ್‌ಗೆ ಒಪ್ಪಿಸಿ ಬೆನ್ನು ತಟ್ಟಿಕೊಂಡಿದ್ದೆ. ಅಪ್ಪನಿಗೆ ವೇಗ ಯಾಕೆ ಬೇಕಿತ್ತು? ಅವರು ಬೆರಳಚ್ಚು ಮಾಡುವುದು, ಸಂಜೆ ಶಾಲಿನಿಯ ಮಕ್ಕಳ ಮುಖ ನೋಡುವುದು, ಅಷ್ಟೇ.

ಆದರೂ ಮೈಲಿಗೆಯ ಗುರುತು ಸಾಕ್ಷಿಯಲ್ಲ, ಹತ್ತಿರದಲ್ಲಿ ನಿಂತಿದ್ದ ಮಾತ್ರಕ್ಕೆ ಕಳ್ಳನಾಗುವುದಿಲ್ಲ. ಬಿಟ್ಟುಕೊಟ್ಟ ಮೆಮೊರಿಗೆಲ್ಲ ಬಣ್ಣ ಬಳಿಯುವಂತೆ ಯಂತ್ರ ಚಾಲೂ ಆಗುವಾಗಿನ ಆಜ್ಞೆಯ ಸಾಲಿಗೆ ಒಂದು ಆಯ್ಕೆ ಸೇರಿಸಿದೆ. ಹಾಗೆ ಮಾಡಿದರೆ ಬಿಡುಗಡೆಯಾದ ಪ್ರತಿ ತುಂಡಿನ ಕೊನೆಯದೊಂದನ್ನು ಬಿಟ್ಟು ಉಳಿದ ಬೈಟುಗಳಲ್ಲೆಲ್ಲ ಕರ್ನಲ್ 6ಬಿ ಎಂಬ ಸಂಖ್ಯೆ ತುಂಬುತ್ತದೆ. ಇವತ್ತು ಮಧ್ಯಾಹ್ನ ಮತ್ತೆ ಬಿದ್ದಾಗ ಪ್ರೊಸೆಸರಿನ ರಿಜಿಸ್ಟರಿನಲ್ಲಿ ಅದೇ ಕೂತಿತ್ತು. 6ಬಿ 6ಬಿ 6ಬಿ 6ಬಿ, ಎಂಟು ಸಲ, ಒಂದರ ಪಕ್ಕ ಒಂದು, ಬೇಲಿ ಹಾಕಿದಂತೆ. ಅಸ್ಕಿ ಲೆಕ್ಕದಲ್ಲಿ ಅದು ಸಣ್ಣ 'ಕೆ' ಅಕ್ಷರ. ಕೆಕೆಕೆಕೆ. ನನ್ನನ್ನು ನೋಡಿ ನಗುತ್ತಿದ್ದ ಹಾಗಿತ್ತು.

ಡಾಂಗಲ್ ಕಿತ್ತು ಇಪ್ಪತ್ತು ಸಲ ಮುಚ್ಚಿ ತೆರೆದೆ, ಬೀಳಲಿಲ್ಲ. ಹಾಕಿದೆ, ನಾಲ್ಕನೆಯದಕ್ಕೆ ಬಿತ್ತು. ಅಪ್ಪ ಪಕ್ಕದಲ್ಲಿ ಕೂತು ಗೆರೆ ಎಳೆದು ಗುರುತು ಹಾಕಿಕೊಂಡರು.

ಆಮೇಲೆ ಡ್ರೈವರಿನ ಮೂಲ ತೆರೆದೆ. ನಿದ್ದೆಯಿಂದ ಎದ್ದಾಗ ಯುಎಸ್‌ಬಿ ಪೋರ್ಟ್ ಮರುಹೊಂದಿಕೆಯಾಗಿ, ಡಾಂಗಲನ್ನು ಕಿತ್ತು ಮತ್ತೆ ಹಾಕಿದಂತೆ ಕರ್ನಲ್ ತಿಳಿಯುತ್ತದೆ. ಕಿತ್ತಾಗ ಡ್ರೈವರ್ ತನ್ನ ಮೆಮೊರಿಯನ್ನು ಬಿಟ್ಟುಕೊಡಬೇಕು. ಬಿಟ್ಟುಕೊಡುತ್ತದೆ. ಆದರೆ ಅದಕ್ಕೂ ಮೊದಲು ತಾನು ಇಟ್ಟಿದ್ದ ಟೈಮರನ್ನು ನಿಲ್ಲಿಸಿ, ಅದು ನಿಂತಿತೇ ಎಂದು ನೋಡಬೇಕಲ್ಲ, ಆ ಒಂದು ಸಾಲು ಇಲ್ಲ. ಟೈಮರ್ ತನ್ನ ಹೊತ್ತಿಗೆ ಸರಿಯಾಗಿ ಬಂದು, ಈಗ ಯಾರದೋ ಆಗಿರುವ ಜಾಗದ ಬಾಗಿಲು ತಟ್ಟುತ್ತದೆ. ಆ ಜಾಗ ಇನ್ನೂ ಖಾಲಿಯಿದ್ದರೆ ಬಚಾವ್. ಅದಕ್ಕೇ ಕೆಲವು ಸಲ 'ಸರಿ ಇತ್ತು'.

ಇದನ್ನು ಅಪ್ಪನಿಗೆ ಹೇಗೆ ಹೇಳುವುದೆಂದು ತಡಕಾಡುತ್ತಿದ್ದೆ. ಅರ್ಧ ಹೇಳುವಷ್ಟರಲ್ಲಿ ಅವರೇ ಮುಗಿಸಿದರು.

"ಅಲಾರ್ಮ್ ಕರೆ."

"ಏನು?"

"ಬೆಳಿಗ್ಗೆ ನಾಲ್ಕಕ್ಕೆ ಎಬ್ಬಿಸಿ ಎಂದು ಬರೆಸಿರುತ್ತಾರೆ. ರದ್ದು ಮಾಡಿಸದೆ ಮನೆ ಖಾಲಿ ಮಾಡಿಕೊಂಡು ಹೋಗುತ್ತಾರೆ. ಎಕ್ಸ್‌ಚೇಂಜಿನವರು ನಾಲ್ಕಕ್ಕೆ ಸರಿಯಾಗಿ ಕರೆ ಮಾಡುತ್ತಾರೆ. ಹೊಸದಾಗಿ ಬಂದ ಬಾಡಿಗೆದಾರ ಎದ್ದು ಎಕ್ಸ್‌ಚೇಂಜಿಗೆ ಬೈಯುತ್ತಾನೆ."

ಇಷ್ಟು ವರ್ಷಗಳಲ್ಲಿ ಕಚೇರಿಯಲ್ಲಿ ಯಾರೂ ಇದನ್ನು ಇಷ್ಟು ಚೆನ್ನಾಗಿ ಹೇಳಿದ್ದನ್ನು ನಾನು ಕೇಳಿಲ್ಲ.

ಹೊರಗಿನ ಡ್ರೈವರ್ ತೆಗೆದುಹಾಕಿದೆ, ಒಳಗಿನದೇ ಸಾಕು. 1992ರಲ್ಲಿ ಕಂಪ್ಯೂಟರ್ ವಿಜ್ಞಾನದ ಟನೆನ್‌ಬಾಮ್ ಮೇಷ್ಟ್ರು ಲಿನಕ್ಸ್ ಕರ್ನಲ್ ಬರೆದ ಲಿನಸ್ ಟೊರ್ವಾಲ್ಡ್ಸ್ ಜೊತೆ ಜಗಳವಾಡಿದ್ದರಲ್ಲ, ಕರ್ನಲ್ ಚಿಕ್ಕದಿರಬೇಕು, ಉಳಿದದ್ದೆಲ್ಲ ಅದರ ಹೊರಗೆ ಓಡಬೇಕು ಎಂದು. ಓದುವಾಗ ನಾನು ಟೊರ್ವಾಲ್ಡ್ಸ್ ಪಕ್ಷ. ಇವತ್ತೊಂದು ದಿನ ಪಕ್ಷ ಬದಲಿಸಿದ್ದೇನೆ.

ನಿನ್ನೆಗೆ ಒಂದು ವರ್ಷವಾಯಿತು. 2024ರ ಜುಲೈ 19ರಂದು ಒಂದು ಭದ್ರತಾ ತಂತ್ರಾಂಶದ ಕರ್ನಲ್ ಡ್ರೈವರಿಗೆ ತಪ್ಪು ಕಡತ ಹೋಗಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಬಿದ್ದಿದ್ದವು, ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟಿದ್ದರು. ಆ ಸಾಲಿನಲ್ಲಿ ನಿಂತಿದ್ದ ಯಾರನ್ನೂ ಯಾರೂ ಏನು ಒತ್ತಿದಿರಿ ಎಂದು ಕೇಳಿರಲಾರರು.

"ನಿಮ್ಮದೇನೂ ತಪ್ಪಿರಲಿಲ್ಲ ಅಪ್ಪಾ, ನಾನು ಹಾಕಿದ್ದೇ ಕೆಟ್ಟದ್ದು" ಎಂದು ರಾತ್ರಿ ಊಟದ ಹೊತ್ತಿಗೆ ಹೇಳಿದೆ. ಇನ್ನಷ್ಟು ಹೇಳಬೇಕೆಂದು ಸಿದ್ಧಮಾಡಿಕೊಂಡಿದ್ದೆ. ಅವರು "ಹೂಂ, ಮಜ್ಜಿಗೆ ಹಾಕು" ಎಂದರು.

ಈಗ ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ. ಹಿಂದಿನ ರಸ್ತೆಯಲ್ಲಿ ಜಲ್ಲಿ ಇಳಿಸುತ್ತಿದ್ದಾರೆ, ಭಾನುವಾರ ರಾತ್ರಿ ಇದಕ್ಕೆ ಅನುಮತಿ ಕೊಡುವವರು ಯಾರೋ. ಫಾಲ್ಟ್ ಪುಸ್ತಕ ನನ್ನ ಮೇಜಿನ ಮೇಲೆಯೇ ಉಳಿದಿದೆ. ಇನ್ನೊಂದು ಸಲ ತಿರುವಿ ಹಾಕಿದೆ, ಈ ಬಾರಿ ಸಮಯ ನೋಡಲಿಲ್ಲ, ಅಕ್ಷರ ನೋಡಿದೆ. ಮೊದಲ ಪುಟಗಳು ನಮ್ಮ ಮನೆಯ ಹಳೆಯ ಲೆಕ್ಕ, 2022ರ ಹಾಲು, ಪೇಪರು. ಅಲ್ಲಿ ಅಪ್ಪನ 'ಳ' ದುಂಡಗೆ, ಅಚ್ಚಿನಂತೆ ಇದೆ. ಈ ತಿಂಗಳ ಪುಟಗಳಲ್ಲಿ ಅದೇ 'ಳ' ಗೆರೆಯ ಮೇಲೆ ನಿಂತಿಲ್ಲ, ಬಾಲ ಎರಡು ಕಡೆ ಮುರಿದಿದೆ. ಸ್ಕೇಲ್ ಇಟ್ಟು ಎಳೆದ ಗೆರೆ ಕೂಡ ಒಂದು ಕಡೆ ಜಾರಿದೆ.

ಕೈ ಒಂದು ಕಡೆ ನಿಲ್ಲುವುದಿಲ್ಲವಲ್ಲ, ಎಂದಿದ್ದರು ಗುರುವಾರ. ನನಗೆ ಆಗ ಅದು ನೆಪದಂತೆ ಕೇಳಿಸಿತ್ತು.

ಯಾವಾಗಿನಿಂದ ಎಂದು ಅಮ್ಮನನ್ನು ಕೇಳಬೇಕು. ಅಪ್ಪ ಎದುರಿಗಿಲ್ಲದಾಗ. ಬೆಳಿಗ್ಗೆ ಅವರು ಹಾಲಿಗೆ ಹೋಗುವ ಹೊತ್ತಿಗೆ, ಆದರೆ ಈಚೆಗೆ ಹಾಲು ತರುವವಳು ಅಮ್ಮನೇ, ಅದೂ ಯಾವಾಗಿನಿಂದ