ಸಾಗರ ಅಂದರೆ ಯಾವ ಸಾಗರ? ಒಂದೇ ಹೆಸರಿನ ಲಾಂಚ್, ಊರು, ಮನುಷ್ಯರನ್ನು ಬೇರ್ಪಡಿಸುವ ಕೆಲಸ

ಬೆಂಗಳೂರಿನ ಆಫೀಸಿನಲ್ಲಿ ಕೂತು ಊರೂರಿನ ಬಸ್ಸು, ರೈಲು, ಲಾಂಚ್ (ಹೊಳೆ, ಹಿನ್ನೀರು ದಾಟಿಸುವ ಯಂತ್ರದ ದೋಣಿ), ಹಡಗುಗಳ ಪಟ್ಟಿ ಹೊಂದಿಸುವುದು ನಮ್ಮ ಕೆಲಸ. ಇದರಲ್ಲಿ ಹೆಚ್ಚು ಹೊತ್ತು ತಿನ್ನುವುದು ಹೆಸರುಗಳು. ಡೇಟಾ ಟೀಮಿಗೆ ಹೊಸದಾಗಿ ಸೇರಿದವರಿಗೂ ಇದೇ ಥರದ ಕೆಲಸ ಮಾಡುವ ಬೇರೆಯವರಿಗೂ ಉಪಯೋಗವಾಗಲಿ ಎಂದು ಇದನ್ನು ಬರೆದಿದ್ದೇನೆ.

‘ಸಾಗರ’ ಎಂಬ ಒಂದು ಹೆಸರನ್ನೇ ತೆಗೆದುಕೊಳ್ಳಿ. ಶಿವಮೊಗ್ಗ ಜಿಲ್ಲೆಯಲ್ಲೊಂದು ಸಾಗರ ಇದೆ, ಸಿಗಂದೂರಿಗೆ ಹೋಗುವವರು ಇಳಿಯುವ ಊರು. ಮಧ್ಯಪ್ರದೇಶದಲ್ಲೊಂದು ಸಾಗರ್ ಇದೆ, ಅದು ಜಿಲ್ಲಾ ಕೇಂದ್ರ. ಪಶ್ಚಿಮ ಬಂಗಾಳದಲ್ಲಿ ಸಾಗರ್ ದ್ವೀಪ ಇದೆ, ಗಂಗಾಸಾಗರದ ಯಾತ್ರಿಕರು ಕಾಕದ್ವೀಪದ ಕಡೆಯ ‘ಲಾಟ್ ನಂಬರ್ 8’ ಎಂಬ ಘಾಟಿನಿಂದ ಮುರಿಗಂಗಾ ನದಿ ದಾಟಿ ಕಚುಬೇರಿಯಾದಲ್ಲಿ ಇಳಿಯುತ್ತಾರೆ. ಇವು ಮೂರೂ ಊರುಗಳಾದವು. ಸಾಗರ್ ಎಂಬ ಹೆಸರಿನ ಹುಡುಗರು ಬೀದಿಗೊಬ್ಬರಿದ್ದಾರೆ. ಏಜೆಂಟರು ಕಳಿಸುವ ಶೀಟಿನಲ್ಲಿ ‘ಸಾಗರ್ ಲಾಂಚ್’ ಎಂದು ಬಂದರೆ ಅದು ಊರೋ, ಫೋನ್ ಎತ್ತುವವರ ಹೆಸರೋ, ದೋಣಿಯ ಹೆಸರೋ ಹೇಳಲಾಗದು. ಗಂಗಾಸಾಗರದ ಮೇಳ ಮಕರ ಸಂಕ್ರಾಂತಿಗೆ, ಸಿಗಂದೂರಿನ ಜಾತ್ರೆಯೂ ಸಂಕ್ರಾಂತಿಗೇ. ಹಾಗಾಗಿ ಜನವರಿಯ ಆ ಒಂದು ವಾರದಲ್ಲಿ ‘ಸಾಗರ, ದೋಣಿ, ಜನವರಿ 14’ ಎಂದು ಹುಡುಕಿದವರಿಗೆ ದಿನಾಂಕವೂ ಗುರುತು ಹಿಡಿದುಕೊಡುವುದಿಲ್ಲ.

ರೈಲಿನಲ್ಲಿ ಇಷ್ಟು ಕಷ್ಟವಿಲ್ಲ. ನಮ್ಮ ಸಾಗರದ ನಿಲ್ದಾಣ ‘ಸಾಗರ ಜಂಬಗಾರು’, ಕೋಡ್ ಎಸ್‌ಆರ್‌ಎಫ್. ಮಧ್ಯಪ್ರದೇಶದ್ದು ‘ಸೌಗೋರ್’, ಕೋಡ್ ಎಸ್‌ಜಿಒ. ರೈಲ್ವೆಯವರು ಒಂದೊಂದು ನಿಲ್ದಾಣಕ್ಕೂ ಒಂದೊಂದು ಕೋಡ್ ಕೊಟ್ಟಿರುವುದರಿಂದ ಹೆಸರು ಹೇಗಿದ್ದರೂ ನಡೆಯುತ್ತದೆ. ಲಾಂಚ್‌ಗಳಿಗೆ, ದೋಣಿ ಕಟ್ಟುವ ಜಾಗಗಳಿಗೆ ಅಂಥ ಎಲ್ಲರೂ ಒಪ್ಪಿದ ಕೋಡ್ ಇಲ್ಲ. ಆ ಕೆಲಸ ನಾವೇ ಮಾಡಿಕೊಳ್ಳಬೇಕು.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಒಂದೇ ಜಾಗಕ್ಕೆ ಎರಡು ಎಂಟ್ರಿ ಇದ್ದರೆ ಕಿರಿಕಿರಿ, ಅಷ್ಟೆ. ನೋಡಿದವರು ಯಾರಾದರೂ ಹೇಳುತ್ತಾರೆ, ಸರಿಮಾಡಬಹುದು. ಎರಡು ಬೇರೆ ಜಾಗಗಳನ್ನು ಒಂದೇ ಎಂಟ್ರಿಯಲ್ಲಿ ಮರ್ಜ್ ಮಾಡಿಬಿಟ್ಟರೆ ಎರಡರ ಸಮಯ, ದರ, ಫೋನ್ ನಂಬರು, ಫೋಟೊ ಎಲ್ಲ ಕಲಸಿಹೋಗುತ್ತವೆ. ಯಾವ ಸಾಲು ಯಾವುದರದ್ದು ಎಂದು ಆಮೇಲೆ ಬಿಡಿಸುವುದು ಅಕ್ಕಿ ರಾಗಿ ಬೆರೆಸಿ ಆರಿಸಿದ ಹಾಗೆ. ಅನುಮಾನವಿದ್ದರೆ ಎರಡಾಗಿಯೇ ಇರಲಿ. ‘ಡೂಪ್ಲಿಕೇಟ್ ಇರಬಹುದು’ ಎಂದು ಗುರುತು ಹಾಕಿ ಮುಂದೆ ಹೋಗಿ.

ಹೆಸರು ನೋಡುವ ಮೊದಲು ಅದು ಎಂಥದ್ದು ಎಂದು ಬರೆಯಬೇಕು. ದೋಣಿ ಸಂಚಾರದಲ್ಲಿ ಒಂದೇ ಹೆಸರು ಐದು ಬಗೆಯ ವಸ್ತುಗಳಿಗೆ ಬರುತ್ತದೆ: ತೇಲುವ ಹಡಗು ಅಥವಾ ಲಾಂಚ್, ಹತ್ತುವ ದಡ, ಒಂದು ದಡದಿಂದ ಇನ್ನೊಂದಕ್ಕೆ ಹೋಗುವ ಮಾರ್ಗ, ದಾಟುವ ನೀರು, ಮತ್ತು ಮನುಷ್ಯರು. ಕುಮಟಾ ತಾಲ್ಲೂಕಿನ ಅಘನಾಶಿನಿ ನೋಡಿ. ನದಿಯೂ ಅಘನಾಶಿನಿ, ಅದು ಸಮುದ್ರ ಸೇರುವಲ್ಲಿರುವ ಹಳ್ಳಿಯೂ ಅಘನಾಶಿನಿ. ಎದುರಿನ ತದಡಿಯಿಂದ ಬರುವ ದೋಣಿಯನ್ನೂ ಜನ ‘ಅಘನಾಶಿನಿ ದೋಣಿ’ ಎನ್ನುತ್ತಾರೆ. ನದಿಗೆ ಹಾಕಿದ ಪಿನ್ ಹಳ್ಳಿಗೆ ಅಂಟಿದರೆ ನಕ್ಷೆ ಪ್ರಯಾಣಿಕರನ್ನು ಎಲ್ಲೋ ಶಿರಸಿ ಕಡೆಯ ಕಾಡಿನೊಳಗೆ ಕರೆದೊಯ್ಯುತ್ತದೆ, ಯಾಕೆಂದರೆ ನದಿಯ ಪಿನ್ ಅದರ ಉದ್ದದ ನಡುವೆ ಎಲ್ಲಿಯಾದರೂ ಬಿದ್ದಿರಬಹುದು. ‘ಹೊಳೆಬಾಗಿಲು’ ಇನ್ನೊಂದು. ಅದು ಹೊಳೆಗೆ ಇಳಿದು ದೋಣಿ ಹತ್ತುವ ಜಾಗಕ್ಕೆ ಮಲೆನಾಡಿನ ಮಾತು. ಸಿಗಂದೂರಿನ ದಾರಿಯಲ್ಲಿ ಅದೇ ಜಾಗದ ಹೆಸರೂ ಆಗಿದೆ. ‘ಸಂಗಮ’ವೂ ಹೀಗೆಯೇ. ಕನಕಪುರದ ಸಂಗಮದಲ್ಲಿ ಅರ್ಕಾವತಿಯನ್ನು ಹರಿಗೋಲಿನಲ್ಲಿ ದಾಟಿ ಮೇಕೆದಾಟಿನ ಕಡೆ ಹೋಗುತ್ತಾರೆ. ಶ್ರೀರಂಗಪಟ್ಟಣದಲ್ಲಿ ಬೇರೆ ಸಂಗಮ, ಕೃಷ್ಣೆ ಮಲಪ್ರಭೆ ಕೂಡುವಲ್ಲಿ ಕೂಡಲಸಂಗಮ. ಹೀಗೆ ಸಾಮಾನ್ಯ ಮಾತೇ ಹೆಸರಾಗಿರುವ ಕಡೆ ತಾಲ್ಲೂಕಿನ ಹೆಸರನ್ನು ಕಡ್ಡಾಯವಾಗಿ ಜೊತೆಗೆ ಬರೆಯಿರಿ.

ಊರಿನವರಿಗೆ ಫೋನ್ ಮಾಡಿ ಕೇಳುವಾಗ ‘ಎಲ್ಲಿದೆ?’ ಎಂದು ಕೇಳಿದರೆ ಹೆಸರನ್ನೇ ಮತ್ತೊಮ್ಮೆ ಹೇಳುತ್ತಾರೆ, ಅವರ ಪಾಲಿಗೆ ಆ ಹೆಸರಿನ ಜಾಗ ಲೋಕದಲ್ಲಿ ಒಂದೇ. ‘ಆಚೆ ದಡ ಯಾವುದು ಸಾರ್? ನಡುವೆ ಯಾವ ಹೊಳೆ?’ ಎಂದು ಕೇಳಿ. ಎರಡು ದಡ, ಒಂದು ನೀರು, ಈ ಮೂರು ಸೇರಿದರೆ ತಪ್ಪು ಹೊಂದಾಣಿಕೆ ಆಗುವುದು ತೀರ ಅಪರೂಪ. ‘ಸುಲ್ತಾನ್ ಬತ್ತೇರಿ’ ಎಂದು ಬೆಂಗಳೂರಿನ ಬಸ್ ಕೌಂಟರಿನಲ್ಲಿ ಕೇಳಿದರೆ ಕೇರಳದ ವಯನಾಡಿನ ಊರಿಗೆ ಟಿಕೆಟ್ ಕೊಡುತ್ತಾರೆ, ಅದು ಸರಿಯೇ. ಮಂಗಳೂರಿನಲ್ಲಿ ಅದೇ ಹೆಸರು ಬೋಳೂರಿನ ಹತ್ತಿರ ಹೊಳೆದಂಡೆಯ ಕಾವಲು ಗೋಪುರದ್ದು. ಅಲ್ಲಿಂದ ತಣ್ಣೀರುಬಾವಿ ಬೀಚಿಗೆ ದೋಣಿ. ಎರಡೂ ಹೆಸರಿನ ಹಿಂದೆ ಇರುವುದು ಟಿಪ್ಪುವಿನ ಕಾಲದ ಫಿರಂಗಿ ದಳವೇ, ಅದಕ್ಕೇ ಕಾಗುಣಿತದಲ್ಲೂ ವ್ಯತ್ಯಾಸ ಸಿಗುವುದಿಲ್ಲ. ‘ಆಚೆ ದಡ ತಣ್ಣೀರುಬಾವಿ, ನಡುವೆ ಗುರುಪುರ ಹೊಳೆ’ ಎಂದು ಎಂಟ್ರಿಯಲ್ಲಿದ್ದರೆ ವಯನಾಡಿನ ಜೊತೆ ಬೆರೆಯಲು ಸಾಧ್ಯವೇ ಇಲ್ಲ. ಗುರುಪುರ ಎಂಬ ಊರೂ ಇದೆ, ಹೊಳೆಗೆ ಫಲ್ಗುಣಿ ಎಂಬ ಇನ್ನೊಂದು ಹೆಸರೂ ಇದೆ. ಪರ್ಯಾಯ ಹೆಸರುಗಳಿಗೆ ಬೇರೆ ಕಾಲಂ ಇರಬೇಕು, ಮುಖ್ಯ ಹೆಸರಿನ ಪಕ್ಕ ಗೀಟು ಹಾಕಿ ತುರುಕಬಾರದು.

ದೊಡ್ಡ ಹಡಗುಗಳಿಗೆ ಐಎಂಒ (ಅಂತರರಾಷ್ಟ್ರೀಯ ಸಾಗರಯಾನ ಸಂಸ್ಥೆ) ಸಂಖ್ಯೆ ಇದೆ. ಏಳು ಅಂಕಿ. ಹಡಗಿನ ಹೆಸರು, ಮಾಲೀಕರು, ಧ್ವಜ (ಅಂದರೆ ನೋಂದಣಿಯಾದ ದೇಶ) ಯಾವುದು ಬದಲಾದರೂ ಈ ಸಂಖ್ಯೆ ಬದಲಾಗುವುದಿಲ್ಲ. ಎಂಎಂಎಸ್‌ಐ ಎಂಬ ಒಂಬತ್ತು ಅಂಕಿಯ ಇನ್ನೊಂದು ಸಂಖ್ಯೆ ರೇಡಿಯೊಗೆ ಸಂಬಂಧಿಸಿದ್ದು. ಅದರ ಮೊದಲ ಮೂರು ಅಂಕಿ ದೇಶದ ಗುರುತು, ಭಾರತಕ್ಕೆ 419. ಧ್ವಜ ಬದಲಾದರೆ ಇದೂ ಬದಲಾಗುತ್ತದೆ, ಹಾಗಾಗಿ ಇದನ್ನು ಖಾಯಂ ಗುರುತಾಗಿ ಬಳಸಬೇಡಿ.

ಐಎಂಒ ಯಾಕೆ ಬೇಕೆಂದು ತಿಳಿಯಲು ‘ಎಸ್ಟೋನಿಯಾ’ ಎಂಬ ಫೆರಿಯನ್ನು ನೋಡಿದರೆ ಸಾಕು. ದೇಶದ ಹೆಸರೇ ಹಡಗಿನ ಹೆಸರು. 1980ರಲ್ಲಿ ನೀರಿಗಿಳಿದಾಗ ಅದು ‘ವೈಕಿಂಗ್ ಸ್ಯಾಲಿ’, ಆಮೇಲೆ ‘ಸಿಲ್ಜಾ ಸ್ಟಾರ್’, ‘ವಾಸಾ ಕಿಂಗ್’, 1993ರಿಂದ ‘ಎಸ್ಟೋನಿಯಾ’. 1994ರ ಸೆಪ್ಟೆಂಬರ್ 28ರಂದು ಬಾಲ್ಟಿಕ್ ಸಮುದ್ರದಲ್ಲಿ ಮುಳುಗಿ 852 ಜನ ತೀರಿಕೊಂಡರು. ಅಷ್ಟು ಜನರ ಸಾವಿನ ದಾಖಲೆ ತಪ್ಪು ಹಡಗಿನ ಹೆಸರಿಗೆ ಅಂಟಬಾರದು, ಆ ಹಡಗಿನ ಹಿಂದಿನ ಪ್ರಯಾಣಗಳೂ ಕಳೆದುಹೋಗಬಾರದು. ನಾಲ್ಕು ಹೆಸರನ್ನೂ ಕಟ್ಟುವ ದಾರ 7921033 ಎಂಬ ಸಂಖ್ಯೆ.

ಆ ಸಂಖ್ಯೆ ಸರಿಯಾಗಿ ಟೈಪ್ ಆಗಿದೆಯೇ ಎಂದು ಕ್ಯಾಲ್ಕುಲೇಟರ್ ಇಲ್ಲದೆಯೂ ನೋಡಬಹುದು. ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿಸಿ. 49, 54, 10, 4, 0, 6 ಸೇರಿ 123. ಮೊತ್ತದ ಕೊನೆಯ ಅಂಕಿ 3, ಸಂಖ್ಯೆಯ ಏಳನೆಯ ಅಂಕಿಯೂ 3, ಆದ್ದರಿಂದ ಸರಿ. ಆ ಆರರಲ್ಲಿ ಅಕ್ಕಪಕ್ಕದ ಎರಡು ಬೇರೆ ಬೇರೆ ಅಂಕಿ ಅದಲುಬದಲಾದರೆ ಈ ಲೆಕ್ಕ ಖಂಡಿತ ಹಿಡಿಯುತ್ತದೆ. ಒಂದೇ ಅಂಕಿ ತಪ್ಪಿದಾಗ ಎಲ್ಲ ಸಲವೂ ಹಿಡಿಯುವುದಿಲ್ಲ. ಮೂರನೆಯ ಅಂಕಿ 2ರ ಬದಲು 4 ಎಂದು ಬಿದ್ದರೆ ಮೊತ್ತ 133 ಆಗುತ್ತದೆ, ಕೊನೆಗೆ ಮತ್ತೆ 3, ತಪ್ಪು ಸಂಖ್ಯೆ ಸಲೀಸಾಗಿ ಪಾಸಾಗುತ್ತದೆ. ಅದಕ್ಕೇ ಈ ಲೆಕ್ಕದ ಜೊತೆ ಕಟ್ಟಿದ ವರ್ಷವನ್ನೂ ತಾಳೆ ನೋಡುವ ಅಭ್ಯಾಸವಿರಲಿ. ಒಳನಾಡಿನ ಸಣ್ಣ ದೋಣಿಗಳಿಗೆ ಐಎಂಒ ಇರುವುದಿಲ್ಲ, ಅವಕ್ಕೆ ಮೇಲೆ ಹೇಳಿದ ಎರಡು ದಡ, ಒಂದು ನೀರೇ ಗತಿ.

ಊರಿನ ಹೆಸರಿಟ್ಟ ಹಡಗು ಆ ಊರಿಗೇ ಹೋಗುತ್ತದೆ ಎಂದು ನಂಬಬೇಡಿ. ‘ಎಂ.ವಿ. ಸ್ವರಾಜ್ ದ್ವೀಪ್’ (ಎಂ.ವಿ. ಅಂದರೆ ಮೋಟರ್ ವೆಸೆಲ್) ಎಂಬ ಪ್ರಯಾಣಿಕರ ಹಡಗು ದೇಶದ ಕರಾವಳಿಯಿಂದ ಪೋರ್ಟ್ ಬ್ಲೇರ್‌ಗೆ ಹೋಗುವಂಥದ್ದು, ಮೂರು ದಿನದ ಆಸುಪಾಸಿನ ಪ್ರಯಾಣ. ಹ್ಯಾವ್‌ಲಾಕ್ ದ್ವೀಪಕ್ಕೆ ಸ್ವರಾಜ್ ದ್ವೀಪ ಎಂದು ಹೆಸರಿಟ್ಟದ್ದು 2018ರ ಡಿಸೆಂಬರಿನಲ್ಲಿ, ಅಂದರೆ ಹೆಸರಿನಲ್ಲಿ ಹಡಗೇ ದ್ವೀಪಕ್ಕಿಂತ ಹಿರಿಯದು. ದ್ವೀಪಕ್ಕೆ ಹೋಗುವ ಫೆರಿಗೆ ಪೋರ್ಟ್ ಬ್ಲೇರ್‌ನಿಂದ ಎರಡು ಗಂಟೆಯ ಆಸುಪಾಸು ಸಾಕು. ಈ ಎರಡು ಬೆರೆತರೆ ರಜೆ ಹಾಕಿ ಹೊರಟ ಕುಟುಂಬದ ಲೆಕ್ಕಾಚಾರವೆಲ್ಲ ತಲೆಕೆಳಗು. ಪೋರ್ಟ್ ಬ್ಲೇರ್ ಕೂಡ 2024ರಲ್ಲಿ ಶ್ರೀ ವಿಜಯಪುರಂ ಆಗಿದೆ, ಹಳೆಯ ಹೆಸರಿನಲ್ಲೇ ಹುಡುಕುವವರು ಇನ್ನೂ ಬಹಳ ಜನ. ಲಕ್ಷದ್ವೀಪದ ಕವರತ್ತಿ ದ್ವೀಪ, ಕೊಚ್ಚಿಯಿಂದ ಹೊರಡುವ ‘ಎಂ.ವಿ. ಕವರತ್ತಿ’, 2020ರಲ್ಲಿ ನೌಕಾಪಡೆ ಸೇರಿದ ‘ಐಎನ್‌ಎಸ್ ಕವರತ್ತಿ’, ಇವು ಮೂರು ಬೇರೆ ಎಂಟ್ರಿಗಳು. ಎಂ.ವಿ., ಐಎನ್‌ಎಸ್ ಎಂಬ ಮುಂಭಾಗವನ್ನು ಕತ್ತರಿಸಿ ‘ಸ್ವಚ್ಛ’ ಮಾಡುವ ಸ್ಕ್ರಿಪ್ಟ್ ಇದ್ದರೆ ಇಂದೇ ನಿಲ್ಲಿಸಿ.

ಮನುಷ್ಯರಿಂದ ಬಂದ ಹೆಸರುಗಳು ಇನ್ನೂ ಸೂಕ್ಷ್ಮ. ಮಾಲ್ಟಾದ ವಲೆಟ್ಟಾ ನಗರಕ್ಕೆ ಹೆಸರು ಕೊಟ್ಟ ಜಾನ್ ದ ಲಾ ವಲೆಟ್‌ನ ಹೆಸರಿನಲ್ಲಿ ವೇಗದ ಫೆರಿಯೂ ಇದೆ. ಕೇರಳದ ವೈಕಂ–ತವಣಕಡವು ನಡುವೆ 2017ರಲ್ಲಿ ಶುರುವಾದ 75 ಸೀಟಿನ ಸೋಲಾರ್ ದೋಣಿ ‘ಆದಿತ್ಯ’. 2023ರಲ್ಲಿ ಇಸ್ರೊ ಹಾರಿಸಿದ್ದು ‘ಆದಿತ್ಯ ಎಲ್‌1’. ಆದಿತ್ಯ ಎಂಬ ಹುಡುಗರಂತೂ ಪ್ರತಿ ಟೀಮಿನಲ್ಲೂ ಇದ್ದಾರೆ. ಸಂಪರ್ಕದ ಕಾಲಂನಲ್ಲಿ ಬರುವ ಹೆಸರು ಯಾವ ಕಾರಣಕ್ಕೂ ದೋಣಿಯ ಹೆಸರಿನ ಕಾಲಂಗೆ ಹರಿಯಬಾರದು.

ಇಲ್ಲಿ ಕನ್ನಡವೇ ನಮಗೆ ಸಹಾಯ ಮಾಡುತ್ತದೆ. ‘ಸಾಗರಕ್ಕೆ ಹೋಯಿತು’ ಎಂದರೆ ಊರು, ‘ಸಾಗರ್‌ಗೆ ಕೊಟ್ಟೆ’ ಎಂದರೆ ಮನುಷ್ಯ. ಹೆಚ್ಚಿನ ಸಲ ವಿಭಕ್ತಿಯೇ ಹೇಳಿಬಿಡುತ್ತದೆ. ಕ್ರಿಯಾಪದವೂ ಅಷ್ಟೆ. ಬೆಂಗಳೂರಿನ ಮನೆಗಳಲ್ಲಿ ‘ಕಾವೇರಿ ಬಂತಾ?’ ಎಂದರೆ ನಲ್ಲಿಯ ನೀರು, ‘ಕಾವೇರಿ ಬಂದಳಾ?’ ಎಂದರೆ ಪಕ್ಕದ ಮನೆಯ ಹುಡುಗಿ. ಪತ್ರಿಕೆಗಳಲ್ಲಿ ಮಾತ್ರ ಹುಷಾರು, ಮಳೆಗಾಲದಲ್ಲಿ ‘ಮೈದುಂಬಿ ಹರಿದಳು ಕಾವೇರಿ’ ಎಂದು ನದಿಯನ್ನೂ ಹೆಣ್ಣಾಗಿಯೇ ಬರೆಯುತ್ತಾರೆ. ಇಂಗ್ಲಿಷಿಗೆ ಹೋಗಿ ಬಂದ ಸಾಲಿನಲ್ಲಿ ಈ ಸುಳಿವು ಒಂದೂ ಉಳಿದಿರುವುದಿಲ್ಲ. ಕೋಡಿಹಳ್ಳಿ, ಕೊಡಿಗೇಹಳ್ಳಿಗಳ ದೀರ್ಘ ಹ್ರಸ್ವಗಳೂ ಅಳಿಸಿಹೋಗಿರುತ್ತವೆ. ಏಜೆಂಟರ ಮೂಲ ಕನ್ನಡ ಸಾಲನ್ನು ಬದಲಾಯಿಸದೆ ಒಂದು ಕಾಲಂನಲ್ಲಿ ಇಟ್ಟುಕೊಳ್ಳಿ.

ಆ ಕಾಲಂನಲ್ಲೂ ಒಂದು ಕಾಣದ ತೊಡಕಿದೆ. ‘ಅಂಬಾರಗೋಡ್ಲು’ವಿನ ‘ಗೋ’ದ ದೀರ್ಘ ಓತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಒಂದೇ, ಕಂಪ್ಯೂಟರಿಗೆ ಎರಡು. ಹೋಲಿಸುವ ಮೊದಲು, ಹೀಗೆ ಬೇರೆ ಬೇರೆಯಾಗಿ ಬರೆದದ್ದನ್ನು ಒಂದೇ ಮಾಡುವ ಯೂನಿಕೋಡಿನ ಎನ್‌ಎಫ್‌ಸಿ ರೂಪಕ್ಕೆ ತಂದರೆ ಇದು ಸರಿಹೋಗುತ್ತದೆ. ‘ಸಾಗರ್‌ಗೆ’ ಎನ್ನುವಲ್ಲಿ ಒತ್ತಕ್ಷರವಾಗದಂತೆ ಸೇರಿಸುವ ಕಾಣದ ಅಕ್ಷರವನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ. ಹೋಲಿಕೆಗಾಗಿ ಮಾಡಿಕೊಂಡ ಪ್ರತಿಯಲ್ಲಿ ಮಾತ್ರ ಅದನ್ನು ಬೇರೆಯಾಗಿ ತೆಗೆಯಬೇಕು.

ಅಕ್ಷಾಂಶ ರೇಖಾಂಶ ಇದ್ದರೆ ಎಲ್ಲ ಸರಿ ಎನ್ನುವವರಿದ್ದಾರೆ. ಬೆಂಗಳೂರು ಮತ್ತು ಮಂಗಳೂರು ಎರಡೂ ಹೆಚ್ಚುಕಡಿಮೆ 12.9ರ ಅಕ್ಷಾಂಶದಲ್ಲಿವೆ. ಅಕ್ಷಾಂಶ ಮಾತ್ರ ನೋಡುವ ತಪಾಸಣೆ 300 ಕಿ.ಮೀ. ದೂರದ ತಪ್ಪನ್ನೂ ಬಿಟ್ಟುಬಿಡುತ್ತದೆ. ಎರಡನ್ನೂ ತಿರುಗುಮುರುಗಾಗಿ ಹಾಕಿ 77.59, 12.97 ಎಂದು ಬರೆದರೆ ಬೆಂಗಳೂರು ಸ್ವಾಲ್‌ಬಾರ್ಡ್ ಹತ್ತಿರದ ಆರ್ಕ್ಟಿಕ್ ನೀರಿಗೆ ಹೋಗಿ ಬೀಳುತ್ತದೆ, ಅದು ನಕ್ಷೆಯಲ್ಲಿ ಕೂಡಲೇ ಕಾಣುತ್ತದೆ. ದಶಮಾಂಶದ ನಂತರ ಎರಡೇ ಅಂಕಿ ಇದ್ದರೆ ಒಂದು ಕಿ.ಮೀ.ಗೂ ಹೆಚ್ಚು ಅತ್ತಿತ್ತ ಆಗಬಹುದು. ಎಷ್ಟೋ ಹೊಳೆಗಳ ಅಗಲ ಅದಕ್ಕಿಂತ ಕಡಿಮೆ, ಪಿನ್ ಎದುರಿನ ದಡಕ್ಕೆ ಹಾರುತ್ತದೆ, ನಕ್ಷೆಯಲ್ಲಿ ಎಲ್ಲ ಸರಿಯಾಗಿರುವಂತೆಯೇ ಕಾಣುತ್ತದೆ. ದೋಣಿ ಹತ್ತುವ ಜಾಗಕ್ಕೆ ಕನಿಷ್ಠ ನಾಲ್ಕು ಅಂಕಿ ಬೇಕು, ಅಂದರೆ 11 ಮೀಟರಿನ ಆಸುಪಾಸು.

ನಮ್ಮೂರಿನಲ್ಲೇ ಅಭ್ಯಾಸ ಮಾಡಬೇಕೆಂದರೆ ಚನ್ನಸಂದ್ರ ತೆಗೆದುಕೊಳ್ಳಿ. ಹೋಪ್‌ಫಾರ್ಮ್ ಪಕ್ಕದ್ದೊಂದು, ಕಸ್ತೂರಿನಗರದ ಹತ್ತಿರ ರೈಲು ನಿಲ್ದಾಣ ಇರುವುದೊಂದು, ರಾಜರಾಜೇಶ್ವರಿನಗರ–ಉತ್ತರಹಳ್ಳಿ ಕಡೆಯದೊಂದು. ಮೂರನ್ನೂ ಹೆಸರು ಬಿಟ್ಟು ಬೇರೆ ಮಾಹಿತಿಯಿಂದಲೇ ಬೇರ್ಪಡಿಸಲು ಬಂದರೆ ಲಾಂಚ್‌ಗಳ ಶೀಟ್ ಮುಟ್ಟಬಹುದು.

ಕೊನೆಯದಾಗಿ, ನಿಂತುಹೋದ ಅಥವಾ ನಿಂತಿರಬಹುದಾದ ಸೇವೆಗಳು. ಸಿಗಂದೂರು ಲಾಂಚಿನ ಎರಡು ದಡಗಳನ್ನು ಸೇರಿಸುವ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ‘ಸಿಗಂದೂರು ಲಾಂಚ್’ ಎಂದು ಹುಡುಕುವವರು ಇನ್ನೂ ವರ್ಷಗಟ್ಟಲೆ ಬರುತ್ತಾರೆ. ಆ ಎಂಟ್ರಿ ಅಳಿಸಿದರೆ ಹುಡುಕಾಟ ಶರಾವತಿ ಹಿನ್ನೀರಿನ ಬೇರೆ ಲಾಂಚ್‌ಗಳಾದ ಹಸಿರುಮಕ್ಕಿಗೋ ಮುಪ್ಪಾನೆಗೋ ಹೋಗಿ ನಿಲ್ಲುತ್ತದೆ. ಎಂಟ್ರಿ ಹಾಗೇ ಇರಲಿ. ಈ ಮಾರ್ಗಕ್ಕೆ ಈಗ ಸೇತುವೆ ಇದೆ ಎಂದು ಬರೆದು ಸೇತುವೆಯ ಐಡಿಗೆ ಕೊಂಡಿ ಹಾಕಿ. ಲಾಂಚಿನ ಈಗಿನ ಸ್ಥಿತಿಯನ್ನು ಸ್ಥಳೀಯರನ್ನು ಕೇಳಿ ಖಚಿತಪಡಿಸಿಕೊಂಡು, ಹೇಳಿದವರು ಯಾರು, ಯಾವ ತಾರೀಖು ಎಂಬುದನ್ನೂ ಅದೇ ಸಾಲಿನಲ್ಲಿ ಬರೆಯಿರಿ. ಹಸಿರುಮಕ್ಕಿಯದಕ್ಕೆ ಪ್ರತಿ ಬೇಸಿಗೆಯಲ್ಲೂ ಮತ್ತೊಮ್ಮೆ ಫೋನ್ ಮಾಡಬೇಕು, ಹಿನ್ನೀರು ಇಳಿದರೆ ಅಲ್ಲಿ ಲಾಂಚ್ ನಿಲ್ಲುತ್ತದೆ.