ಬಾತ್‌ಗೆ ಹೋದರೆ ರಾಯಲ್ ಕ್ರೆಸೆಂಟ್‌ನ ಬೆನ್ನನ್ನೂ ನೋಡಿ ಬನ್ನಿ

ಲಂಡನ್ನಿನ ಪ್ಯಾಡಿಂಗ್ಟನ್ ಸ್ಟೇಷನ್ನಿಂದ ಬಾತ್ ನಗರಕ್ಕೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ತುಂಬಾ ಜನ ರೋಮನ್ ಸ್ನಾನಗೃಹ ನೋಡಿ, ಟೈಮ್ ಉಳಿದರೆ ಮಾತ್ರ ರಾಯಲ್ ಕ್ರೆಸೆಂಟ್ ಎಂಬ ಅರ್ಧಚಂದ್ರಾಕಾರದ ಮನೆಗಳ ಸಾಲಿನ ಕಡೆ ಬರುತ್ತಾರೆ. ನನ್ನ ಕೇಳಿದರೆ ಮೊದಲು ಇಲ್ಲಿಗೇ ಹೋಗಿ.

ನಡೆದೇ ಹೋಗಿ, ದಾರಿ ಏರು, ಶೂ ಚೆನ್ನಾಗಿರಲಿ. ಮೊದಲು ಸರ್ಕಸ್ ನೋಡಿ. ಇದು ದುಂಡಗೆ ನಿಂತ ಮನೆಗಳ ಸಾಲು, ವಾಸ್ತುಶಿಲ್ಪಿ ಹಿರಿಯ ಜಾನ್ ವುಡ್ ಅವರ ಯೋಜನೆ. 1754ರಲ್ಲಿ ಕೆಲಸ ಶುರುವಾಯಿತು, ಅದೇ ವರ್ಷ ಅವರು ತೀರಿಕೊಂಡರು, ಮುಗಿಸಿದ್ದು ಮಗ. ಅಲ್ಲಿಂದ ಬ್ರಾಕ್ ಸ್ಟ್ರೀಟ್ ಹಿಡಿಯಿರಿ. ಸಾದಾ ಬೀದಿ, ಮುಂದೆ ಏನಿದೆ ಅಂತ ಸುಳಿವೇ ಸಿಗುವುದಿಲ್ಲ, ಕೊನೆಗೆ ಬಂದಾಗ ಒಮ್ಮೆಗೇ ಹುಲ್ಲುಹಾಸು, ಆಕಾಶ, ಜೇನು ಬಣ್ಣದ ಕಲ್ಲಿನ ಅರ್ಧಚಂದ್ರ ಎಲ್ಲಾ ತೆರೆದುಕೊಳ್ಳುತ್ತದೆ. ಪಾರ್ಕ್ ಕಡೆಯಿಂದ ಬಂದರೆ ಈ ಖುಷಿ ಸಿಗಲ್ಲ.

1767ರಿಂದ 1775ರ ನಡುವೆ ಮಗ ಜಾನ್ ವುಡ್ ಕಟ್ಟಿಸಿದ್ದು ಇದು. 30 ಮನೆ, 114 ಅಯೋನಿಕ್ ಕಂಬ, ಅಂದರೆ ತಲೆಯಲ್ಲಿ ಸುರುಳಿ ಇರುವ ಗ್ರೀಕ್ ಶೈಲಿಯವು. ನೆಲಮಹಡಿಯನ್ನು ಬೋಳಾಗಿ ಬಿಟ್ಟು, ಅದರ ಮೇಲಿನಿಂದ ಎರಡು ಮಹಡಿ ಎತ್ತರಕ್ಕೆ ಕಂಬ ನಿಲ್ಲಿಸಿದ್ದಾರೆ, ಹಾಗಾಗಿ ಬೇರೆ ಬೇರೆ ಮನೆಗಳು ಅನ್ನಿಸುವುದೇ ಇಲ್ಲ, ಒಂದೇ ಅರಮನೆ ಅನ್ನಿಸುತ್ತದೆ. ಕಿಟಕಿಗಳನ್ನು ಗಮನಿಸಿ. ಕೆಲವು ಉದ್ದ, ಕೆಲವು ಗಿಡ್ಡ, ಆಮೇಲೆ ಬಂದವರು ತಮಗೆ ಬೇಕಾದ ಹಾಗೆ ಕೆಳಕ್ಕೆ ಇಳಿಸಿಕೊಂಡಿದ್ದಾರೆ.

ಈಗ ಹಿಂದಿನ ಓಣಿಗೆ ಹೋಗಿ, ದಯವಿಟ್ಟು ತಪ್ಪಿಸಬೇಡಿ. ವುಡ್ ಹಾಕಿಕೊಟ್ಟಿದ್ದು ಮುಂಭಾಗದ ನಕ್ಷೆ ಮಾತ್ರ. ಕೊಂಡವರು ತಮ್ಮ ಪಾಲಿನಷ್ಟು ಉದ್ದದ ಮುಂಭಾಗ ತೆಗೆದುಕೊಂಡು, ಹಿಂದೆ ತಮ್ಮದೇ ಕೆಲಸದವರನ್ನು ಇಟ್ಟು ಇಷ್ಟಬಂದಂತೆ ಕಟ್ಟಿಕೊಂಡರು. ಅದಕ್ಕೇ ಅಲ್ಲಿ ಸೂರಿನ ಎತ್ತರ ಒಂದಕ್ಕೊಂದು ಸೇರಲ್ಲ, ಗೋಡೆ ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ. ನನಗೆ ಈ ಬೆನ್ನೇ ಜಾಸ್ತಿ ಇಷ್ಟವಾಯಿತು, ಜನ ನಿಜವಾಗಿ ಬದುಕಿದ್ದು ಕಾಣುವುದು ಅಲ್ಲೇ ಅಲ್ವಾ?

ಒಳಗೆ ನೋಡಬೇಕಾದರೆ 1ನೇ ನಂಬರ್ ಮನೆ ಮ್ಯೂಸಿಯಂ ಆಗಿದೆ, ಟಿಕೆಟ್ ಇದೆ. ಕೆಳಗಿನ ಅಡುಗೆಮನೆ ಬಿಡಬೇಡಿ. ಉಳಿದ ಮನೆಗಳಲ್ಲಿ ಜನ ವಾಸವಿದ್ದಾರೆ, ನಡುವಿನದು ಹೋಟೆಲ್. ಬಾಗಿಲ ಮೆಟ್ಟಿಲ ಮೇಲೆ ಕೂತು ಫೋಟೋ ತೆಗೆಸಿಕೊಳ್ಳಬೇಡಿ. ಮನೆಗಳ ಮುಂದಿನ ಹುಲ್ಲೂ ನಿವಾಸಿಗಳದೇ. ಅದರ ಕೆಳಗೆ, ದೂರಕ್ಕೆ ಕಾಣದಂತೆ ತಗ್ಗಿನಲ್ಲಿ ಕಟ್ಟಿದ ಗೋಡೆಯ ಆಚೆ, ಪಾರ್ಕ್ ಇದೆ. ಬುತ್ತಿ ತಂದಿದ್ದರೆ ಅಲ್ಲಿ ಕೂತು ತಿನ್ನಿ, ಇಡೀ ಸಾಲು ಒಂದೇ ಫೋಟೋದಲ್ಲಿ ಹಿಡಿಯುವುದಕ್ಕೂ ಅದೇ ಜಾಗ.